ಎರಡನೇ ಬದಿಯ ಕೊನೆಗೆ

ಬೋಳಾರ, ಮಂಗಳೂರು
30-10-1988, ಆದಿತ್ಯವಾರ

ಪ್ರೀತಿಯ ಅಪ್ಪನಿಗೆ,

ಕುಶಲಾಳ ನಮಸ್ಕಾರಗಳು. ನಾನೂ ದೊಡ್ಡಮ್ಮನೂ ಸೌಖ್ಯ. ದೊಡ್ಡಮ್ಮನ ಮೊಣಕಾಲಿನ ನೋವು ಕಡಿಮೆ ಉಂಟು. ನಿಮ್ಮ ಬಿ.ಪಿ. ಹೇಗುಂಟು ಎಂದು ಈ ಸಲವಾದರೂ ಸರಿಯಾಗಿ ಬರೆಯಬೇಕಂತೆ, ‘ಪರವಾಗಿಲ್ಲ’ ಎಂದು ಬರೆದರೆ ಅವರು ಒಪ್ಪುವುದಿಲ್ಲವಂತೆ.

ನಿಮ್ಮ ಮೂರು ಕಾಗದಗಳಿಗೆ ಒಂದೇ ಉತ್ತರ ಬರೆಯುತ್ತಿದ್ದೇನೆ, ಕ್ಷಮಿಸಿ. ಲ್ಯಾಬ್ ರೆಕಾರ್ಡ್, ಟೆಸ್ಟ್ ಎಂದು ಹೇಳಬಹುದು, ಅದು ಅರ್ಧ ಸತ್ಯ. ಉಳಿದರ್ಧ ಎಂತ ಎಂದರೆ, ಎರಡು ಸಲ ಬರೆದೆ, ಎರಡು ಸಲವೂ ಹರಿದೆ. ಇಂಗ್ಲಿಷಿನಲ್ಲಾದರೆ ಹತ್ತು ನಿಮಿಷದ ಕೆಲಸ. ಹಾಸ್ಟೆಲಿನಲ್ಲಿ ಒಂಬತ್ತು ವರ್ಷ ಪ್ರತಿ ಆದಿತ್ಯವಾರ ಬರೆದಿದ್ದೇನಲ್ಲ. ವಾರ್ಡನ್ ಬೋರ್ಡಿನ ಮೇಲೆ ಬರೆಯುವುದು, ನಾವು ಇನ್‌ಲ್ಯಾಂಡ್ ಲೆಟರಿಗೆ ಇಳಿಸುವುದು. ‘ಐ ಆಮ್ ಫೈನ್ ಹಿಯರ್ ಆಂಡ್ ಹೋಪ್ ಯೂ ಆರ್ ದ ಸೇಮ್.’ ಜ್ವರ ಬಂದು ಮಲಗಿದ ವಾರವೂ ನಾನು ಫೈನೇ ಇದ್ದೆ. ಕನ್ನಡದಲ್ಲಿ ಇಷ್ಟು ಉದ್ದದ ಕಾಗದ ಇದೇ ಮೊದಲು. ತಪ್ಪು ಇದ್ದರೆ ನಗಬೇಡಿ. ನಕ್ಕರೂ ಬರೆದು ತಿಳಿಸಬೇಡಿ.

ಮೂರು ಕಾಗದದಲ್ಲೂ ನೀವು ಅದೇ ಕೇಳಿದ್ದೀರಿ. ಅಮ್ಮ ಕಡೆಗೆ ಮಾತಾಡಿ ಕಳಿಸಿದ ಕ್ಯಾಸೆಟ್ ಮನೆಯಲ್ಲಿ ಉಂಟಾ, ಮೇಲೆ ‘ಭಜನೆ’ ಎಂದು ಬರೆದದ್ದು, ಅಮ್ಮನ ಉತ್ತರಕ್ರಿಯೆಗೆ ಬಂದಾಗ ಸೂಟ್‌ಕೇಸಿನಲ್ಲಿ ತಂದು ಅಲ್ಲಿಯೇ ಬಿಟ್ಟೆನೋ ಏನೋ, ಎಂದು. ಗಲ್ಫಿನ ನಿಮ್ಮ ಎಂಟು ಜನರ ರೂಮಿನಲ್ಲಿ ಯಾರೂ ಎತ್ತಿ ಟೇಪಿಗೆ ಹಾಕಿ ಕೇಳಬಾರದೆಂದು ಅಮ್ಮ ಪ್ರತಿ ಸಲ ಹಾಗೆ ಬರೆಸುತ್ತಿದ್ದದ್ದು ನನಗೂ ನೆನಪುಂಟು. ಅಮ್ಮ ಮಾತಾಡಿ ಕಳಿಸುವುದು, ನೀವು ಕೇಳಿ ಅದರ ಮೇಲೆಯೇ ಮಾತಾಡಿ ವಾಪಸು ಕಳಿಸುವುದು, ಮತ್ತೆ ಅಮ್ಮ ಅದರ ಮೇಲೆಯೇ. ಹಾಗೆ ಒಂದನ್ನೊಂದು ಅಳಿಸುತ್ತಾ ಹೋಗಿ, ಅಮ್ಮನ ಸ್ವರ ಈಗ ಆ ಒಂದರಲ್ಲಿ ಬಿಟ್ಟರೆ ಎಲ್ಲಿಯೂ ಇಲ್ಲ ಎಂದು ನೀವು ಬರೆದದ್ದನ್ನು ಓದಿ ನನಗೆ ಆ ದಿನ ಊಟ ಸೇರಲಿಲ್ಲ. ಕಪಾಟು, ಅಟ್ಟ, ಟ್ರಂಕು, ಅಮ್ಮನ ಸೀರೆಗಳ ಮಡಿಕೆ, ಎಲ್ಲ ಹುಡುಕಿದ್ದೇನೆ. ‘ಭಜನೆ’ ಎಂದು ಬರೆದ ಕ್ಯಾಸೆಟ್ ಈ ಮನೆಯಲ್ಲಿ ಇಲ್ಲ ಅಪ್ಪ. ಈ ವಿಷಯ ಇಲ್ಲಿಗೇ ಮುಗಿಯಲಿಲ್ಲ, ಕೆಳಗೆ ಬರೆಯುತ್ತೇನೆ. ಮೊದಲು ನಿಮ್ಮ ಇನ್ನೊಂದು ಪ್ರಶ್ನೆಗೆ ಉತ್ತರ ಕೊಡುತ್ತೇನೆ, ಅದು ಸಂತೋಷದ್ದು.

ನೂರ್ ಮುಹಮ್ಮದ್ ಅಂಕಲ್ ಅಲ್ಲಿಂದ ರಜೆಯಲ್ಲಿ ಬಂದವರು ಕೊಟ್ಟ ವಾಕ್‌ಮನ್ ಮತ್ತು ಇಂಗ್ಲಿಷ್ ಕ್ಯಾಸೆಟ್ ತಲುಪಿ ಎರಡು ತಿಂಗಳಾಯಿತು. ‘ಕಾಲೇಜು ಮಕ್ಕಳು ಕೇಳುವ ಇಂಗ್ಲಿಷ್ ಪದ್ಯ ಮಾಡಿಕೊಡು ಎಂದು ಕ್ಯಾಸೆಟ್ ಅಂಗಡಿಯ ಅಲಿಯಬ್ಬನಿಗೆ ಹೇಳಿದೆ, ಅವನು ಎಂತದೋ ತುಂಬಿಸಿ ಕೊಟ್ಟ, ಚಂದ ಉಂಟಾ?’ ಎಂದು ಕೇಳಿದ್ದೀರಿ.

ಚಂದ ಎಂದರೆ ಸಾಲದು. ಮೊದಲ ಸಲ ಕೇಳಿದಾಗ ಮಾತ್ರ ಕ್ಯಾಸೆಟ್ ಹಾಳಾಗಿದೆ ಎಂದು ಗ್ರಹಿಸಿದ್ದೆ. ಬರೀ ಗಾಳಿಯ ಶಬ್ದ. ಎಲ್ಲೋ ದೂರ ಒಂದು ಗಂಟೆ. ಎರಡು ನಿಮಿಷ ಅಷ್ಟೇ. ಆಮೇಲೆ ಒಂದು ಗಿಟಾರ್, ಒಂದೊಂದೇ ತಂತಿ, ಮಾಡಿನಿಂದ ನೀರು ತೊಟ್ಟಿಕ್ಕಿದ ಹಾಗೆ. ಅದೂ ನಿಂತಿತು. ನಾನು ವಾಲ್ಯೂಮ್ ಜಾಸ್ತಿ ಮಾಡಿ ಕಿವಿಗೊಟ್ಟು ಕೂತಿದ್ದೇನೆ, ಒಮ್ಮೆಗೇ ಡ್ರಮ್ಮೂ ನಾಲ್ಕಾರು ಗಿಟಾರುಗಳೂ ಒಟ್ಟಿಗೆ ಬಂದು ಬಿದ್ದವು. ನಮ್ಮ ಬೋಳಾರದ ಹಂಚಿನ ಕಾರ್ಖಾನೆಯ ಎಲ್ಲ ಯಂತ್ರಗಳನ್ನು ಒಂದೇ ಶ್ರುತಿಯಲ್ಲಿ ಚಾಲೂ ಮಾಡಿದರೆ ಹೇಗಾದೀತು, ಹಾಗೆ. ಹೆದರಿ ಇಯರ್‌ಫೋನ್ ಕಿತ್ತು ಬಿಸಾಡಿದೆ. ಐದು ನಿಮಿಷ ಕಳೆದು ಮತ್ತೆ ಹಾಕಿಕೊಂಡೆ.

ಒಟ್ಟು ಆರೇ ಪದ್ಯ, ಒಂದೊಂದೂ ಎಂಟು ಹತ್ತು ನಿಮಿಷ. ಹಾಡುವವನು ತುಂಬಾ ಹೊತ್ತು ಬರುವುದೇ ಇಲ್ಲ. ಬಂದರೂ ಗಡಿಬಿಡಿ ಇಲ್ಲ, ಎತ್ತರದ ಗುಡ್ಡದ ಮೇಲೆ ನಿಂತು ಯಾರನ್ನೋ ಕರೆಯುವ ಹಾಗೆ ಎರಡು ಸಾಲು ಹಾಡಿ ಹೋಗುತ್ತಾನೆ. ಆಮೇಲೆ ಮತ್ತೆ ಗಿಟಾರುಗಳು, ನಡುವೆ ಮಳೆಯ ಸದ್ದು, ಆರ್ಗನ್. ಹಾಡಿದ್ದು ಯಾರೆಂದು ಗೊತ್ತಿಲ್ಲ. ಅಲಿಯಬ್ಬನವರು ಅಂಟಿಸಿದ ಚೀಟಿಯಲ್ಲಿ ‘ಇಂಗ್ಲಿಷ್ 14’ ಎಂದು ಮಾತ್ರ ಉಂಟು.

ನಿಮಗೆ ಒಂದು ವಿಷಯ ಬರೆದಿರಲಿಲ್ಲ. ಬಲ್ಮಠದ ಕಾಲೇಜಿಗೆ ಬಸ್ಸು ಹತ್ತುವಾಗಲೇ ನನಗೆ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ. ನೂರಿಪ್ಪತ್ತು ಮಂದಿಯ ಕ್ಲಾಸು. ನನ್ನ ನಂಬರ್ ನಲವತ್ತೇಳು. ನಲವತ್ತು ಕರೆಯುವಾಗಲೇ ‘ಪ್ರೆಸೆಂಟ್ ಸರ್’ ಎಂದು ಬಾಯೊಳಗೆ ಹೇಳಿ ನೋಡುತ್ತೇನೆ, ನಲವತ್ತೇಳಕ್ಕೆ ಸ್ವರವೇ ಬರುವುದಿಲ್ಲ. ಮುಂದಿನ ಬೆಂಚಿನಲ್ಲೇ ಕೂತಿದ್ದು ಒಂಬತ್ತು ಸಲ ಆಬ್ಸೆಂಟ್ ಆಗಿದ್ದೇನೆ ಅಪ್ಪ. ಇನ್ನು ಮೂರಾಗಿದ್ದರೆ ಹಾಜರಿ ಶಾರ್ಟೇಜ್ ಎಂದು ನಿಮ್ಮ ವಿಳಾಸಕ್ಕೆ ಪ್ರಿಂಟೆಡ್ ಕಾರ್ಡ್ ಬರುತ್ತಿತ್ತು.

ಈ ಕ್ಯಾಸೆಟ್ ಅದಕ್ಕೆ ಎಂತ ಮಾಡಿತು ಎಂದು ಹೇಗೆ ಹೇಳುವುದು. ನನ್ನೊಳಗೆ ಹೊಡೆದುಕೊಳ್ಳುವುದನ್ನೇ ಇನ್ಯಾರೋ ಹೊರಗೆ ತೆಗೆದು, ನನಗಿಂತ ಜೋರಾಗಿ, ಲೆಕ್ಕ ತಪ್ಪದೆ ಬಾರಿಸುತ್ತಿದ್ದಾರೆ. ಆಗ ಒಳಗಿನದ್ದು ಸುಮ್ಮನಾಗುತ್ತದೆ. ಬೆಳಿಗ್ಗೆ ಬಸ್ಸಿನಲ್ಲಿ ಮೊದಲ ಬದಿ, ಸಂಜೆ ವಾಪಸು ಬರುವಾಗ ಎರಡನೆಯದು. ಸೆಲ್ ವೀಕ್ ಆದರೆ ಹಾಡುವವನಿಗೆ ನಿದ್ದೆ ಬಂದ ಹಾಗೆ ಕೇಳುತ್ತದೆ, ಅದಕ್ಕೆ ಅಂಗಳದಲ್ಲಿ ಸೆಲ್ಲುಗಳನ್ನು ಬಿಸಿಲಿಗೆ ಇಡುತ್ತೇನೆ. ‘ಹಪ್ಪಳ ಒಣಗಿಸುವುದು ಕಂಡಿದ್ದೆ, ಇದು ಹೊಸತು’ ಎಂದು ದೊಡ್ಡಮ್ಮ ಕಾಗೆ ಓಡಿಸುವ ಕೋಲನ್ನು ಅದರ ಹತ್ತಿರವೂ ಇಟ್ಟಿದ್ದಾರೆ.

ಕ್ಲಾಸಿನಲ್ಲಿ ಡೆನಿಸ್ ಎಂದು ಒಬ್ಬ ಇದ್ದಾನೆ, ಕುಲಶೇಖರದವನು, ಚರ್ಚಿನ ಕ್ವಾಯರಿಗೆ ಗಿಟಾರ್ ನುಡಿಸುವವನು. ಹೆದರಬೇಡಿ, ಅಂಥದ್ದು ಎಂತದೂ ಇಲ್ಲ. ಕೆಮಿಸ್ಟ್ರಿ ಲ್ಯಾಬಿನಲ್ಲಿ ನನ್ನ ಪಾರ್ಟ್‌ನರ್ ಅಷ್ಟೇ. ಒಂದು ದಿನ ಇಯರ್‌ಫೋನಿನ ಒಂದು ಕಿವಿ ತಾನು ಇಟ್ಟುಕೊಂಡು ಕೇಳಿ, ಕಣ್ಣು ದೊಡ್ಡದು ಮಾಡಿದ.

“ಇದು ಹೆವಿ ಮೆಟಲ್ ಮಾರಾಯ್ತಿ! ನಿನಗೆ ಎಲ್ಲಿಂದ ಸಿಕ್ಕಿತು?”

“ನನ್ನ ಅಪ್ಪ ಕಳಿಸಿದ್ದು.”

“ನಿನ್ನ ಅಪ್ಪ ಹೆವಿ ಮೆಟಲ್ ಕೇಳ್ತಾರಾ?”

“ಮತ್ತೆಂತ?” ಎಂದೆ. ಹಾಗಾಗಿ ಈಗ ಕಾಲೇಜಿನಲ್ಲಿ ನಿಮಗೆ ಒಳ್ಳೆ ಹೆಸರುಂಟು.

“ಹುಡುಗಿಯರು ಇದನ್ನೆಲ್ಲ ಕೇಳುವುದಿಲ್ಲ ಅಲ್ವಾ?” ಎಂದ.

“ನಾನು ನಲವತ್ತು ಸಲ ಕೇಳಿ ಆಯ್ತು. ಈಗ ಎಂತ ಮಾಡುವುದು?”

ಅವನು ಮೂರು ನಾಲ್ಕು ಬ್ಯಾಂಡಿನ ಹೆಸರು ಹೇಳಿದ, ಯಾವುದೂ ಇದಕ್ಕೆ ಹೊಂದಲಿಲ್ಲ. ಎರಡನೇ ಪದ್ಯದ ತಾಳ ಬೆಂಚಿನ ಮೇಲೆ ಬಡಿದು ತೋರಿಸಿದ. ಏಳು ಪೆಟ್ಟಿನದಂತೆ. ಎಂಟನೆಯದಕ್ಕೆ ಕಾಯುತ್ತೇವೆ, ಬರುವುದಿಲ್ಲ, ಅಷ್ಟರಲ್ಲಿ ಮತ್ತೆ ಒಂದು. ಮರುದಿನ ಹಾಜರಿ ಕರೆಯುವಾಗ ನಾನು ಕಾಲಿನ ಹೆಬ್ಬೆರಳಲ್ಲಿ ಆ ಏಳನ್ನು ಬಡಿಯುತ್ತಾ ಕೂತೆ. ಏಳು ಏಳು ಹಾಕುತ್ತಾ ನನ್ನ ನಂಬರ್ ಬಂದದ್ದೇ ಗೊತ್ತಾಗಲಿಲ್ಲ. “ಪ್ರೆಸೆಂಟ್ ಸರ್!” ಎಷ್ಟು ಜೋರಾಗಿ ಬಂತೆಂದರೆ ಸರ್ ತಲೆ ಎತ್ತಿ, “ಇಷ್ಟು ದಿನ ಎಲ್ಲಿದ್ದೆ?” ಎಂದರು. ಇಡೀ ಕ್ಲಾಸು ನಕ್ಕಿತು. ಅಪ್ಪ, ನಾನೂ ನಕ್ಕೆ.

ಇನ್ನು ದೊಡ್ಡಮ್ಮನ ವಿಷಯ. ನಾನು ಹಾಸ್ಟೆಲ್ ಬಿಟ್ಟು ಈ ಮನೆಗೆ ಬಂದ ಮೊದಲ ತಿಂಗಳು ನಾವಿಬ್ಬರೂ ನೆಂಟರ ಹಾಗೆ ಇದ್ದೆವು. ಅವರು ತುಳುವಿನಲ್ಲಿ ಕೇಳುವುದು, ನಾನು ಕನ್ನಡದಲ್ಲಿ ಉತ್ತರಿಸುವುದು. ನನ್ನ ತುಳು ನಾಲ್ಕನೇ ಕ್ಲಾಸಿನಲ್ಲಿ ಹಾಸ್ಟೆಲಿಗೆ ಹೋದಾಗ ಎಲ್ಲಿತ್ತೋ ಅಲ್ಲಿಯೇ ನಿಂತಿದೆ. ಎಂಟು ವರ್ಷದ ಮಗುವಿನ ತುಳು. ಅದನ್ನು ಈಗ ಬಾಯಿಂದ ತೆಗೆಯಲಿಕ್ಕೆ ನಾಚಿಕೆ. ಅವರಿಗೂ ‘ಇಂಗ್ಲಿಷ್ ಕಲಿತ ಹುಡುಗಿ’ ಎಂದು ನನ್ನ ಹತ್ತಿರ ಸಂಕೋಚ.

ಕಳೆದ ತಿಂಗಳು ಒಂದು ಮಧ್ಯಾಹ್ನ ಅವರು ಮತ್ತು ಪಕ್ಕದ ಮನೆಯ ಪಾತುಮ್ಮ ಎಂದಿನ ಹಾಗೆ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು. ನಾನು ಮೂಲೆಯಲ್ಲಿ ವಾಕ್‌ಮನ್ ಹಾಕಿಕೊಂಡು ತಲೆ ಆಡಿಸುತ್ತಿದ್ದೆ. ದೊಡ್ಡಮ್ಮ ತಡೆಯಲಾರದೆ ಕೇಳಿದರು.

“ಎಂತ ಮಗಾ, ಒಬ್ಬಳೇ ಕೇಳುವುದು? ನಮಗೆ ಕಿವಿ ಇಲ್ವಾ?”

“ನಿಮಗೆ ಇಷ್ಟ ಆಗ್ಲಿಕ್ಕಿಲ್ಲ ದೊಡ್ಡಮ್ಮ.”

“ಇಷ್ಟ ಆಗುದಿಲ್ಲ ಅಂತ ಹೇಳ್ಲಿಕ್ಕೂ ಕೇಳ್ಬೇಕಲ್ಲ?”

ಅಮ್ಮನ ಹಳೆಯ ಟೂ-ಇನ್-ಒನ್ ತಂದು ಹೊಸ್ತಿಲ ಮೇಲೆ ಇಟ್ಟು ಹಾಕಿದೆ. ಗಾಳಿ ಬೀಸುವಾಗ ಪಾತುಮ್ಮ, “ಬಟ್ಟೆ ಒಳಗೆ ತೆಗೀಬೇಕಾ?” ಎಂದು ಆಕಾಶ ನೋಡಿದರು. ಗಿಟಾರುಗಳು ಬಂದು ಬಿದ್ದಾಗ ಅವರ ಮಡಿಲಿನ ಬಿದಿರಿನ ತಡ್ಪೆಯಿಂದ ಹೊಗೆಸೊಪ್ಪು ಅರ್ಧ ನೆಲಕ್ಕೆ.

“ಯಾ ಅಲ್ಲಾ! ಇವರಿಗೆ ಯಾರು ಬಡಿದದ್ದು?”

“ಸುಮ್ಮನಿರು ಪಾತುಮ್ಮ. ಇನ್ನೂ ಉಂಟು ಇದರಲ್ಲಿ,” ಎಂದರು ದೊಡ್ಡಮ್ಮ.

ಅವರು ಕೇಳುತ್ತಲೇ ಎಲೆ ಸುರುಳಿ ಸುತ್ತಿದರು, ನೂಲು ಕಟ್ಟಿದರು. ನಾನು ತಲೆ ಆಡಿಸುವುದು ಬಿಟ್ಟು ಅವರ ಕೈ ನೋಡಿದೆ. ಎಲೆಗೆ ಸೊಪ್ಪು ಹಾಕುವುದು, ಸುತ್ತುವುದು, ಬಾಯಿ ಮಡಚುವುದು, ನೂಲು ಎರಡು ಸುತ್ತು. ಎಲ್ಲ ಆ ಡ್ರಮ್ಮಿಗೆ ಸರಿಯಾಗಿ ಬೀಳುತ್ತಿತ್ತು. ಎರಡನೇ ಪದ್ಯಕ್ಕೆ ಮಾತ್ರ ಕೈ ತಡವರಿಸಿತು.

“ಇದರಲ್ಲಿ ಒಂದು ಪೆಟ್ಟು ಎಲ್ಲಿಯೋ ಬಿಟ್ಟುಹೋಗಿದೆ. ನೂಲು ಕಟ್ಲಿಕ್ಕೆ ಜಾಗ ಇಲ್ಲ.”

ಡೆನಿಸ್ ಬೆಂಚು ಬಡಿದು ಲೆಕ್ಕ ಹಾಕಿದ್ದನ್ನು ದೊಡ್ಡಮ್ಮ ನೂಲಿನಲ್ಲಿ ಕಂಡುಹಿಡಿದರು! ಈಗ ಅವರು ಆ ಪದ್ಯಕ್ಕೆ ನೂಲನ್ನು ಒಂದೇ ಸುತ್ತು ಸುತ್ತುತ್ತಾರೆ. “ಇದು ಬೀಡಿಯಾ, ಎಂತ?” ಎಂದು ಪಾತುಮ್ಮ ಆ ಸಡಿಲ ಬೀಡಿಗಳನ್ನು ಎತ್ತಿ ತೋರಿಸಿ ತಮಾಷೆ ಮಾಡುತ್ತಾರೆ. ಕಾಲೇಜಿಲ್ಲದ ದಿನ ಮಧ್ಯಾಹ್ನ ಎರಡು ಗಂಟೆಗೆ, “ಕುಶಲೂ, ನಿನ್ನ ಗಾಳಿ ಪದ್ಯ ಹಾಕು” ಎಂದು ಕರೆ ಬರುತ್ತದೆ. ನಾನು ಕತ್ತರಿ ಹಿಡಿದು ಎಲೆ ಕತ್ತರಿಸಿ ಕೊಡುತ್ತೇನೆ. ತಪ್ಪು ತುಳುವಿನಲ್ಲಿ ಮಾತಾಡುತ್ತೇನೆ, ಅವರು ತಿದ್ದುತ್ತಾರೆ. ಹಾಡುವವನು ಯಾರನ್ನು ಕರೆಯುತ್ತಿದ್ದಾನೆ ಎಂದು ಪಾತುಮ್ಮ ಕೇಳಿದಾಗ ನನಗೆ ಗೊತ್ತಾದಷ್ಟು ಹೇಳಿದೆ: ಸಮುದ್ರದಾಚೆ ಇರುವ ಯಾರನ್ನೋ. “ಗಲ್ಫಿನವರನ್ನು,” ಎಂದು ಅವರು ತೀರ್ಮಾನ ಮಾಡಿಬಿಟ್ಟರು.

ನಾನು ಸುಖವಾಗಿದ್ದೇನೆ ಅಪ್ಪ. ಬೋರ್ಡ್ ನೋಡಿ ಬರೆದದ್ದಲ್ಲ ಇದು.

ಹಬ್ಬಕ್ಕೆ ದೊಡ್ಡಮ್ಮ ಹೊಸ ಅವಲಕ್ಕಿ ತರಿಸಿದ್ದಾರೆ, ಒಂದು ಕಟ್ಟು ನೂರ್ ಮುಹಮ್ಮದ್ ಅಂಕಲ್ ಹತ್ತಿರ ಕಳಿಸುತ್ತೇವೆ. ಅವರು ಮಂಗಳವಾರ ಹೊರಡುತ್ತಾರೆ. ಈ ಕಾಗದವೂ ಅವರ ಕೈಯಲ್ಲೇ. ಅಲಿಯಬ್ಬನವರಿಗೆ ನನ್ನ ಥ್ಯಾಂಕ್ಸ್ ಹೇಳಿ. ದೊಡ್ಡಮ್ಮ ನಿಮಗೆ ಆಶೀರ್ವಾದ ಬರೆಯಲು ಹೇಳಿದರು. ನಿಮಗಿಂತ ಎರಡು ವರ್ಷಕ್ಕೆ ದೊಡ್ಡವರಂತೆ, ಹಾಗಾಗಿ ಹಕ್ಕುಂಟಂತೆ. ನನಗೆ ನೀವು ಮಾಡಿ. ಇದರ ಕೆಳಗೆ ಇರುವುದನ್ನು ನಿಂತುಕೊಂಡು ಓದಬೇಡಿ, ಕೂತು ಓದಿ.

ನಿಮ್ಮ ಪ್ರೀತಿಯ ಮಗಳು,
ಕುಶಲಾ

ಮರೆತು ಬರೆಯುವುದಲ್ಲ, ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ:

ಹೋದ ಆದಿತ್ಯವಾರ ಮೂವರೂ ಜಗಲಿಯಲ್ಲಿ ಕೂತು ಎರಡನೇ ಬದಿ ಕೇಳುತ್ತಿದ್ದೆವು. ಕಡೆಯ ಪದ್ಯ ಮತ್ತೆ ಗಾಳಿಯಲ್ಲೇ ಮುಗಿಯುತ್ತದೆ. ಗಾಳಿ ಸಣ್ಣದಾಗುತ್ತಾ ಹೋಗಿ ಇಲ್ಲವಾಗುತ್ತದೆ. ವಾಕ್‌ಮನ್ನಿನಲ್ಲಾದರೆ ಸೆಲ್ ಉಳಿಸಲು ನಾನು ಅಲ್ಲಿಗೇ ನಿಲ್ಲಿಸುತ್ತೇನೆ, ಜಗಲಿಯಲ್ಲೂ ಅದೇ ಅಭ್ಯಾಸದಿಂದ ಎದ್ದು ನಿಲ್ಲಿಸುತ್ತಿದ್ದೆ. ಆ ದಿನ ನನ್ನ ಮಡಿಲ ತುಂಬ ಕತ್ತರಿಸಿದ ಎಲೆ, ಅವರಿಬ್ಬರ ಕೈಯಲ್ಲಿ ಹೊಗೆಸೊಪ್ಪು. ಯಾರೂ ಏಳಲಿಲ್ಲ. ಟೇಪು ಸುಮ್ಮನೆ ಓಡುತ್ತಾ ಇತ್ತು. ಆಗ ಒಂದು ಸಣ್ಣ ಟಕ್ ಶಬ್ದ, ಅದರ ಹಿಂದೆಯೇ ಅಮ್ಮ.

ಅಮ್ಮ, ಅಪ್ಪ. ಮಾತಿನ ನಡುವಿನಿಂದ.

ದೊಡ್ಡಮ್ಮನ ಕೈ ನಿಂತಿತು. ಅರ್ಧ ಸುತ್ತಿದ ಬೀಡಿ ಬಿಡಿಸಿಕೊಂಡು ಸೊಪ್ಪು ಸೀರೆಯ ಮೇಲೆ ಉದುರಿತು. “ಹೇಮಾಕ್ಷಿ” ಎಂದರು, ಅಮ್ಮ ಅಡುಗೆಮನೆಯಿಂದ ಬಂದರೇನೋ ಎಂಬ ಹಾಗೆ ಆ ಕಡೆ ತಿರುಗಿ. ನಾನು ಎದ್ದು ನಿಲ್ಲಿಸಲಿಲ್ಲ, ಮುಟ್ಟಿದರೆ ಅಳಿಸಿಹೋಗುತ್ತದೆ ಎಂದು ಭಯ. ಎರಡು ನಿಮಿಷ. ಆಮೇಲೆ ಟೇಪು ಮುಗಿದು ಗುಂಡಿ ಮೇಲೆ ಹಾರಿತು.

ನೀವು ಹುಡುಕುತ್ತಿರುವ ಕ್ಯಾಸೆಟ್ ಇದೇ. ‘ಇಂಗ್ಲಿಷ್ 14’ ಚೀಟಿಯನ್ನು ಒದ್ದೆ ಬಟ್ಟೆಯಿಂದ ಎಬ್ಬಿಸಿದೆ. ಅಡಿಯಲ್ಲಿ ನನ್ನದೇ ಕೈಬರಹದಲ್ಲಿ ‘ಯಕ್ಷಗಾನ’ ಎಂದು ಉಂಟು. ಕಳೆದ ವರ್ಷದ ದೊಡ್ಡ ರಜೆ ಮುಗಿದು ಹಾಸ್ಟೆಲಿಗೆ ಹೊರಡುವ ಮೊದಲು ಅಮ್ಮ ಇದನ್ನು ನನ್ನ ಕೈಗೆ ಕೊಟ್ಟು ‘ಭಜನೆ’ ಎಂದು ಬರೆಯಲು ಹೇಳಿದ್ದರು. “ಎಷ್ಟು ಸಲ ಅದೇ ಭಜನೆ? ರೂಮಿನವರಿಗೆ ಡೌಟ್ ಬರ್ತದೆ” ಎಂದು ತಮಾಷೆಗೆ ನಾನು ಇದನ್ನು ಬರೆದೆ. ಅಮ್ಮ ನಕ್ಕರು, ಜೂನಿನಲ್ಲಿ ಅದರಲ್ಲೇ ಮಾತಾಡಿ ಕಳಿಸಿದರು. ನೀವು ಕೇಳಿ ಇಟ್ಟದ್ದು ರೂಮಿನ ಯಕ್ಷಗಾನ ಕ್ಯಾಸೆಟ್ಟುಗಳ ಜೊತೆ ಸೇರಿರಬೇಕು, ಹಿಂದಿನವೆಲ್ಲ ‘ಭಜನೆ’ಯೇ ಆದ್ದರಿಂದ ನಿಮಗೆ ಇದೂ ಹಾಗೆಯೇ ಎಂದು ನೆನಪು ಉಳಿದಿರಬೇಕು. ಹಳೆಯ ಯಕ್ಷಗಾನ ಒಂದರ ಮೇಲೆ ಮಗಳಿಗೆ ಪದ್ಯ ತುಂಬಿಸುವ ಎಂದು ನೀವು ಅಲಿಯಬ್ಬನವರಿಗೆ ಕೊಟ್ಟಿದ್ದೀರಿ. ನಿಮ್ಮದು ತಪ್ಪಲ್ಲ ಅಪ್ಪ. ಬರೆದವಳು ನಾನು. ಇದನ್ನು ಹೇಳದೆ ಇರಬಹುದಿತ್ತು, ನೀವು ಹುಡುಕುತ್ತಾ ಇರುತ್ತಿದ್ದಿರಿ, ಸಿಗಬಹುದು ಎಂಬ ಆಸೆಯಾದರೂ ಉಳಿಯುತ್ತಿತ್ತು. ಎರಡು ಕಾಗದ ಹರಿದದ್ದು ಅದಕ್ಕೇ.

ಅಮ್ಮ ಹೇಳಿದ್ದು ತುಳುವಿನಲ್ಲಿ, ನಾನು ಕನ್ನಡದಲ್ಲಿ ಇಳಿಸುತ್ತೇನೆ:

“...ಮಗಳ ಕಾಗದ ಬಂತು. ಪಾತುಮ್ಮನ ಮಗಳ ಹತ್ತಿರ ಓದಿಸಿದೆ. ಎಲ್ಲ ವಾರವೂ ಅದೇ ಇರ್ತದೆ ಅಂತ ಅವಳು ನಗ್ತಾಳೆ. ಆದರೂ ಪ್ರತಿ ಸಲ ಓದಿಸ್ತೇನೆ. ಅವಳಿಗೆ ಅಲ್ಲಿ ಬೇಜಾರು ಉಂಟಾ, ಹೊಟ್ಟೆ ತುಂಬ ಊಟ ಉಂಟಾ, ಇಂಗ್ಲಿಷಿನಲ್ಲಿ ನನಗೆ ಗೊತ್ತಾಗುದಿಲ್ಲ. ರಜೆಯಲ್ಲಿ ಬಂದರೂ ಮಾತು ಕಮ್ಮಿ. ನೀವು ಬರುವಾಗ ಅವಳಿಗೂ ಒಂದು ಸಣ್ಣ ಟೇಪು ತನ್ನಿ. ಅವಳು ಅಲ್ಲಿಂದ ಮಾತಾಡಿ ಕಳಿಸಲಿ. ಎಂತ ಬೇಕಾದರೂ ಹೇಳಲಿ, ನನಗೆ ಅವಳ ಸ್ವರ ಕೇಳಿದರೆ ಆಯ್ತು. ಆ, ಮುಗೀತದೆ ಕಾಣ್ತದೆ ಇದು, ಚಕ್ರ ಸಣ್ಣದಾಯ್ತು...”

ಒಂಬತ್ತು ವರ್ಷ ಅಮ್ಮನಿಗೆ ಗೊತ್ತಾಗದ ಭಾಷೆಯಲ್ಲಿ ಕಾಗದ ಬರೆದೆ. ಅದು ನನಗೆ ಗೊತ್ತಿತ್ತು. ಒಮ್ಮೆಯಾದರೂ ಕೆಳಗೆ ನಾಲ್ಕು ಸಾಲು ಕನ್ನಡದಲ್ಲಿ ಬರೆಯಬಹುದಿತ್ತು, ವಾರ್ಡನ್ ಹೊಡೆಯುತ್ತಿರಲಿಲ್ಲ.

ಡೆನಿಸ್‌ನ ಅಣ್ಣನ ಹತ್ತಿರ ಎರಡು ಡೆಕ್ಕಿನ ಸ್ಟೀರಿಯೋ ಉಂಟು. ನಿನ್ನೆ ಕುಲಶೇಖರಕ್ಕೆ ಹೋಗಿ ಆ ಎರಡು ನಿಮಿಷವನ್ನು ಹೊಸ ಕ್ಯಾಸೆಟ್ಟಿಗೆ ಇಳಿಸಿಕೊಂಡೆ. ಹಳೆಯದರ ಬೆನ್ನಿನ ಎರಡು ಸಣ್ಣ ಹಲ್ಲುಗಳನ್ನು ಡೆನಿಸ್ ಮುರಿದುಕೊಟ್ಟ, ಇನ್ನು ಯಾರು ತಪ್ಪಿ ಗುಂಡಿ ಒತ್ತಿದರೂ ಅದರ ಮೇಲೆ ಬೇರೆ ತುಂಬಿಸಲು ಆಗುವುದಿಲ್ಲ. ಅದು ನನ್ನ ಹತ್ತಿರವೇ ಇರಲಿ ಅಪ್ಪ, ಆರು ಪದ್ಯವೂ ಅಮ್ಮನೂ ಒಟ್ಟಿಗೆ.

ಹೊಸತನ್ನು ಅವಲಕ್ಕಿಯ ಕಟ್ಟಿನ ಒಳಗೆ ಇಟ್ಟಿದ್ದೇನೆ. ಮೊದಲ ಎರಡು ನಿಮಿಷ ಅಮ್ಮ. ಉಳಿದದ್ದು ಪೂರ್ತಿ ನಾನು, ತುಳುವಿನಲ್ಲಿ. ಹಾಸ್ಟೆಲಿನ ಊಟ ಹೇಗಿತ್ತು ಎನ್ನುವಲ್ಲಿಂದ ಶುರು ಮಾಡಿದ್ದೇನೆ. ತಪ್ಪಿದಲ್ಲಿ ಹಿಂದಿನಿಂದ ದೊಡ್ಡಮ್ಮ ತಿದ್ದುವುದು ಕೇಳುತ್ತದೆ.

ಮೇಲೆ ‘ಭಜನೆ’ ಎಂದು ಬರೆದಿದ್ದೇನೆ.